ರೀಲರ್ ಸಾಬ್ರು ಕೊಟ್ಟುಹೋದ ಮೀನು

ಅವರ ಬೆರಳ ತುದಿಗಳು ಬೆಳ್ಳಗೆ ಊದಿಕೊಂಡು, ಸುಕ್ಕುಗಟ್ಟಿ, ಆಗತಾನೇ ನೀರಿನಿಂದ ತೆಗೆದ ಹಾಗೆ ಕಾಣುತ್ತಿದ್ದವು. ಮೂವತ್ತು ವರ್ಷ ಕುದಿಯುವ ನೀರಿನಲ್ಲಿ ರೇಷ್ಮೆಗೂಡು ಕಲಕಿ ಎಳೆ ಹುಡುಕಿದ ಬೆರಳುಗಳು ಅವು. ಚನ್ನಪಟ್ಟಣದ ನಮ್ಮ ಬೀದಿಯ ಕೊನೆಯ ಮನೆ ಅವರದು. ಗೂಡಿನಿಂದ ನೂಲು ತೆಗೆಯುವವರಾದ್ದರಿಂದ ಬೀದಿಗೆಲ್ಲ ಅವರು ರೀಲರ್ ಸಾಬ್ರು.

ನಾನು ಅಲ್ಲಿನ ಹೈಸ್ಕೂಲಿಗೆ ವಿಜ್ಞಾನದ ಮೇಷ್ಟ್ರಾಗಿ ಬರುವ ಹೊತ್ತಿಗೆ ಅವರು ನೂಲು ತೆಗೆಯುವುದನ್ನು ಬಿಟ್ಟಿದ್ದರು. ಹೊಗೆ, ಹಬೆ ಕುಡಿದು ಎದೆ ಕೆಟ್ಟಿತ್ತು. ಮನೆ ಹಿಂದಿನ ಶೆಡ್ಡಿನಲ್ಲಿ ಗೂಡು ಬೇಯಿಸುತ್ತಿದ್ದ ಜಾಗದಲ್ಲಿ ನಾಲ್ಕು ಗಾಜಿನ ತೊಟ್ಟಿಗಳಿದ್ದವು. ಒಳಗೆ ಅಂಗೈಗಿಂತ ದೊಡ್ಡ, ಆಸ್ಕರ್ ಎಂಬ ಜಾತಿಯ ಅಲಂಕಾರದ ಮೀನುಗಳು. ಮಾರುವುದಕ್ಕಲ್ಲ, ಸುಮ್ಮನೆ ಸಾಕಿದ್ದು. ಅವರು ತೊಟ್ಟಿಗೆ ಬೆರಳದ್ದಿ ನೀರು ಎಷ್ಟು ಡಿಗ್ರಿ ಇದೆ ಎಂದು ಹೇಳುತ್ತಿದ್ದರು. ಒಮ್ಮೆ ಪರೀಕ್ಷಿಸೋಣವೆಂದು ಸ್ಕೂಲಿನ ಥರ್ಮಾಮೀಟರ್ ಒಯ್ದೆ. ಒಂದು ಡಿಗ್ರಿಯೂ ತಪ್ಪಿರಲಿಲ್ಲ.

ನಮ್ಮ ಮನೆಯಲ್ಲಿಯೂ ಒಂದು ಆಸ್ಕರ್ ಇತ್ತು. ಕಪ್ಪು ಮೈಮೇಲೆ ಕೆಂಡದಂಥ ಗೆರೆಗಳು, ಹೆಚ್ಚುಕಡಿಮೆ ಒಂದಡಿ ಉದ್ದ. ನನ್ನ ಹೆಂಡತಿ ಕಬ್ಬಾಳಿನ ಕಡೆಯವಳು. ಮೀನಿಗೆ ತಿನ್ನಿಸುತ್ತಿದ್ದವಳು ಅವಳೇ, ಅದೂ ಕೈಯಿಂದಲೇ. ಒಂದು ದಿನ ಅವಳು, "ಒಂದೇ ಒಂದು ಆಗೋಯ್ತಲ್ಲ, ಜೊತೆಗಿನ್ನೊಂದು ತನ್ನಿ" ಅಂದಳು. ನಾನು ಸಾಬ್ರನ್ನು ಕೇಳಿದೆ.

"ತನ್ನಿ ಮೇಷ್ಟ್ರೇ. ಆದ್ರೆ ತಂದ ದಿನಾನೇ ಬುಡಬ್ಯಾಡಿ. ಒಂದ್ ತಿಂಗ್ಳು ಬ್ಯಾರೆ ಡ್ರಮ್ಮಲ್ಲಿ ಇರ್ಲಿ. ಕಾಯಿಲೆ ಏನಾರ ಐತಾ ಗೊತ್ತಾಗ್ಬೇಕಲ್ಲ. ಬುಡೋ ದಿನ ನನ್ನ ಕರೀರಿ."

ಬೆಂಗಳೂರಿಂದ ಗೇಣುದ್ದದ ಮೀನೊಂದನ್ನು ತಂದೆ. ಆಮ್ಲಜನಕ ತುಂಬಿದ ಕವರನ್ನು ರೈಲಿನುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡು ಬಂದೆ. ಮೂರು ದಿನ ಡ್ರಮ್ಮಿನಲ್ಲಿಟ್ಟೆ. ಮೀನು ಚುರುಕಾಗಿಯೇ ಇತ್ತು. ಭಾನುವಾರ ಹೆಂಡತಿಯ ಅಕ್ಕ, ಭಾವ ಬರುವವರಿದ್ದರು. ಅವರಿಗೆ ಜೋಡಿ ಮೀನು ತೋರಿಸುವ ಆಸೆ ನನಗೆ. ಮೀನನ್ನು ಕವರಿಗೆ ಹಾಕಿ, ಕವರನ್ನು ತೊಟ್ಟಿಯಲ್ಲಿ ತೇಲಿಬಿಟ್ಟು, ಲೋಟ ಲೋಟವಾಗಿ ತೊಟ್ಟಿಯ ನೀರು ಬೆರೆಸಿ, ಎಲ್ಲವನ್ನೂ ಪುಸ್ತಕದಲ್ಲಿರುವಂತೆಯೇ ಮಾಡಿ ಒಳಗೆ ಬಿಟ್ಟೆ. ಸಾಬ್ರನ್ನು ಕರೆಯಲಿಲ್ಲ.

ಅರ್ಧ ಗಂಟೆಯೂ ಆಗಿರಲಿಲ್ಲ. ಹಳೆಯ ಮೀನು ಹೊಸದನ್ನು ಮೂಲೆಗೆ ಒತ್ತರಿಸಿ ಅದರ ಬಾಲ ಹರಿದುಹಾಕಿತ್ತು, ಹೊಸದರ ಒಂದು ಕಣ್ಣಿನಿಂದ ರಕ್ತ ಬರುತ್ತಿತ್ತು. ಬಿಡಿಸಲೆಂದು ನನ್ನ ಹೆಂಡತಿ ಬರಿಗೈ ಹಾಕಿ ಕಚ್ಚಿಸಿಕೊಂಡಳು. ನಾನು ಸಾಬ್ರ ಮನೆಗೆ ಓಡಿದೆ.

ಅವರು ಬಾಯಿಗೆ ಉಸಿರಾಟದ ಪಂಪು ಒತ್ತಿಕೊಳ್ಳುತ್ತಲೇ ಬಂದರು. ನಾನು ಗಾಯಗೊಂಡ ಮೀನಿನ ಕಡೆಗೆ ಬಲೆ ಚಾಚಿದ್ದೆ. ಅವರು ನನ್ನ ಕೈ ಹಿಡಿದರು.

"ಯಾವ್ದನ್ನ ತೆಗೀತೀರಾ?"

"ಹೊಸದನ್ನ. ಇಲ್ಲದಿದ್ರೆ ಸತ್ತೇಹೋಗ್ತದೆ, ಸಾಬ್ರೇ."

"ಹೊಸದೇನ್ ತಪ್ಪು ಮಾಡ್ತು? ಹಳೇದನ್ನ ತೆಗೀರಿ."

ಹಳೆಯ ಮೀನು ಡ್ರಮ್ಮಿಗೆ ಹೋಯಿತು. ಸಾಬ್ರು ಮೊಳಕೈವರೆಗೆ ತೋಳು ಮುಳುಗಿಸಿ ಕಲ್ಲುಗಳನ್ನೆಲ್ಲ ಕಿತ್ತು ಬೇರೆ ಕಡೆ ಜೋಡಿಸಿದರು. ಎಡಕ್ಕಿದ್ದ ಮಣ್ಣಿನ ಕುಡಿಕೆ ಬಲಕ್ಕೆ ಬಂತು. ಅರ್ಧ ನೀರು ಬದಲಾಯಿಸಿ, ಗಾಯ ಮಾಯಲೆಂದು ಉಪ್ಪು ಹಾಕಿಸಿದರು.

"ಹತ್ತು ದಿನ ಈ ಮನೆ ಇದ್ರದ್ದು. ಆಮ್ಯಾಕೆ ಹಳೇದು ನೆಂಟ್ರಂಗೆ ಬರ್ಲಿ. ಬಂದಾಗ ಅದಕ್ಕೆ ಯಾವ ಮೂಲೇನೂ ಗುರ್ತು ಸಿಗಬಾರ್ದು."

ಬೈಯಲಿಲ್ಲ. ಹೊರಡುವ ಮುಂಚೆ ಜಗಲಿಯ ಮೇಲೆ ಕೂತು ಟೀ ಕುಡಿಯುತ್ತಾ, "ಮೂರ್ ದಿನಕ್ಕೇ ತಿಂಗ್ಳಾಗೋಯ್ತಾ ಮೇಷ್ಟ್ರೇ?" ಎಂದು ಮಾತ್ರ ಕೇಳಿದರು. ಲೋಟ ಕೆಳಗಿಟ್ಟು ಅವರೇ ಮಾತು ಮುಂದುವರಿಸಿದರು.

"ನಮ್ ರೀಲಿಂಗ್ ಶೆಡ್ಡಲ್ಲೂ ಹಿಂಗೇ ಆಗಿತ್ತು. ವಿರೂಪಾಕ್ಷಿಪುರದ ಕಡೆಯಿಂದ ಒಬ್ಳು ಹೆಣ್ಮಗಳು ಕೆಲಸಕ್ಕೆ ಬಂದ್ಳು. ಗಂಡ ಬುಟ್ಟೋಗಿದ್ದ. ಹಳಬ್ರೆಲ್ಲ ಸೇರ್ಕಂಡು ಅವ್ಳನ್ನ ಹೊಗೆ ಬರೋ ಮೂಲೇಲಿ ಕೂರ್ಸೋರು, ಕೆಟ್ಟ ಗೂಡೆಲ್ಲ ಅವ್ಳ ಮುಂದೆ ಸುರಿಯೋರು. ನಾನು ನೋಡ್ಕಂಡು ಸುಮ್ಕಿದ್ದೆ. ಹೊಂದ್ಕತಾಳೆ ಬುಡು ಅಂದ್ಕಂಡೆ. ಒಂದಿನ ಅಳ್ತಾ ಹೋದೋಳು ಮತ್ತೆ ಬರ್ಲಿಲ್ಲ. ಊರಿಗೋಗಿ ಹುಡುಕ್ದೆ, ಸಿಗ್ಲಿಲ್ಲ." ಉಸಿರಿಗಾಗಿ ನಿಲ್ಲಿಸಿ ಮತ್ತೆ ಹೇಳಿದರು: "ಆಮ್ಯಾಲಿಂದ ಹೊಸಬ್ರು ಯಾರೇ ಬರ್ಲಿ, ಅವತ್ತು ಎಲ್ರ ಜಾಗಾನೂ ಬದಲಾಯಿಸ್ಬುಡ್ತಿದ್ದೆ."

ಹತ್ತು ದಿನವೂ ಅವರು ಬೆಳಿಗ್ಗೆ ಬಂದು ನೋಡಿದರು. ಹೊಸ ಮೀನಿನ ಒಂದು ಕಣ್ಣು ಹೋಯಿತು, ಜೀವ ಉಳಿಯಿತು. ನೂಲು ತೆಗೆದ ಮೇಲೆ ಉಳಿಯುವ ರೇಷ್ಮೆಹುಳುವನ್ನು ಅವರು ಎಲ್ಲಿಂದಲೋ ತಂದು ಸಣ್ಣಗೆ ಕತ್ತರಿಸಿ ಹಾಕುತ್ತಿದ್ದರು. ಮನೆಯೆಲ್ಲ ಗಬ್ಬು ವಾಸನೆ. "ಜಾಸ್ತಿ ಹಾಕಬ್ಯಾಡಿ, ಕೊಬ್ಬು" ಎಂದು ಹೆಂಡತಿಗೆ ಎಚ್ಚರಿಸುತ್ತಿದ್ದರು. ಹನ್ನೊಂದನೆಯ ದಿನ ತೊಟ್ಟಿಯ ನಡುವೆ ಜಾಲರಿ ನಿಲ್ಲಿಸಿ, ಹೊಸದಕ್ಕೆ ಹೊಟ್ಟೆ ತುಂಬ ತಿನ್ನಿಸಿ, ದೀಪ ಆರಿಸಿ, ಹಳೆಯದನ್ನು ಆಚೆ ಬದಿಗೆ ಬಿಟ್ಟರು. ವಾರದ ನಂತರ ಜಾಲರಿ ತೆಗೆದಾಗ ಎರಡೂ ಬಾಯಿಗೆ ಬಾಯಿ ಕಚ್ಚಿಕೊಂಡು ನಿಂತವು. ನಾನು ಬಲೆಗೆ ಕೈ ಹಾಕಿದೆ.

"ಒಸಿ ಆಡ್ಕಳ್ಲಿ ಬುಡಿ. ರಕ್ತ ಬಂದ್ರೆ ಮಾತ್ರ ಕೈ ಹಾಕಿ."

ರಕ್ತ ಬರಲಿಲ್ಲ.

ಎರಡು ವರ್ಷದ ಮೇಲೆ ಸಾಬ್ರು ತೀರಿಕೊಂಡರು. ಎದೆಯದೇ ಕಾಯಿಲೆ. ಮನೆ ಬಿಟ್ಟು ಹೊರಡದ ಇದ್ದತ್ತಿನ ನಾಲ್ಕು ತಿಂಗಳು ಹತ್ತು ದಿನ ಕಳೆದ ಮೇಲೆ ಅವರ ಹೆಂಡತಿ ಹೇಳಿಕಳಿಸಿದರು. ಅದುವರೆಗೂ ಆ ತಾಯಿಯನ್ನು ನಾನು ಮಾತಾಡಿಸಿರಲಿಲ್ಲ. ಉಳಿದ ಮೀನುಗಳನ್ನು ನೆಂಟರು ಒಯ್ದಿದ್ದರು. ಎಲ್ಲಕ್ಕಿಂತ ದೊಡ್ಡ ಆಸ್ಕರ್ ಒಂದೇ ಉಳಿದಿತ್ತು. "ಇದು ಮೇಷ್ಟ್ರಿಗೆ ಅಂತ ಹೇಳಿದ್ರು" ಎಂದರು.

ಅದನ್ನು ಡ್ರಮ್ಮಿನಲ್ಲಿ ಪೂರ್ತಿ ಒಂದು ತಿಂಗಳಿಟ್ಟೆ. ಅಷ್ಟರಲ್ಲಿ ಆರಡಿಯ ತೊಟ್ಟಿ ಮಾಡಿಸಿದೆ, ಮೂರಕ್ಕೂ ಅದು ಹೊಸ ಮನೆಯಾಗಲೆಂದು. ಮೂರನ್ನೂ ಬಿಡುವ ದಿನ ನನ್ನ ಹೆಂಡತಿ ಹೋಗಿ ಸಾಬ್ರ ಹೆಂಡತಿಯನ್ನು ಕರೆದುಕೊಂಡು ಬಂದಳು. ಅವರು ಸೆರಗು ಹೊದ್ದು ಗಾಜಿನ ಮುಂದೆ ಬಹಳ ಹೊತ್ತು ನಿಂತಿದ್ದರು. ಮೀನುಗಳು ಒಂದನ್ನೊಂದು ಸುತ್ತಿ, ಕಿವಿರು ಅಗಲಿಸಿ ಹೆದರಿಸಿ, ಕೊನೆಗೆ ತಮ್ಮ ತಮ್ಮ ಜಾಗ ಹಿಡಿದವು.

"ಮಲಗಿದ್ದಲ್ಲಿಂದಾನೇ ಕೇಳೋರು, ಮೀನು ತಿಂತಾ, ಮೀನು ತಿಂತಾ ಅಂತ" ಎಂದರು ಆ ತಾಯಿ. "ನೀನು ಉಂಡ್ಯಾ ಅಂತ ಒಂದಿನಾನೂ ಕೇಳ್ಲಿಲ್ಲ." ನಗುತ್ತಲೇ ಹೇಳಿದರು, ಆಮೇಲೆ ಕಣ್ಣೊರೆಸಿಕೊಂಡರು.

ನನ್ನ ಹೆಂಡತಿ ಅವರ ಕೈ ಹಿಡಿದುಕೊಂಡು ಅಡಿಗೆಮನೆಗೆ ಹೋದಳು. ತಟ್ಟೆ ಹಾಕುವ ಸದ್ದು ಕೇಳಿಸಿತು.

"ಉಣ್ಣಿ ಅಮ್ಮಾ" ಅನ್ನುತ್ತಿದ್ದಳು ಅವಳು.