ಉಪ್ಪಿನಕಾಯಿ ನೀರಿನಲ್ಲಿ ಮುಪ್ಪಾದ ಗಿಟಾರು

ಕೊಪ್ಪಕ್ಕೆ ಮೊಬೈಲ್ ಆಗಷ್ಟೇ ಬಂದಿದ್ದ ಕಾಲ. ನವರಾತ್ರಿಯ ಆರ್ಕೆಸ್ಟ್ರಾದಲ್ಲಿ ನನ್ನ ಮೊದಲ ಕಾರ್ಯಕ್ರಮವಿತ್ತು. ಥಳಥಳಿಸುವ ಹೊಸ ಎಲೆಕ್ಟ್ರಿಕ್ ಗಿಟಾರ್ ಹಿಡಿದು ನಿಂತರೆ ನಾನು ಹೊಸಬನೆಂದು ಊರಿಗೆಲ್ಲ ಗೊತ್ತಾಗುತ್ತದೆಂಬ ಭಯ. ಅದಕ್ಕೇ ಅದರ ಸ್ಕ್ರೂ, ತಂತಿ ಬಿಗಿಯುವ ಕಿವಿಗಳನ್ನೆಲ್ಲ ಬಿಚ್ಚಿ ಮಾವಿನಮಿಡಿ ಉಪ್ಪಿನಕಾಯಿಯ ನೀರಿನಲ್ಲಿ ಮುಳುಗಿಸಿಟ್ಟೆ. ಒಂದು ವಾರವೋ ಒಂದು ತಿಂಗಳೋ, ನೆನಪು ಪ್ರತಿ ಸಲ ಬೇರೆ ಬೇರೆ ಹೇಳುತ್ತದೆ. ಅಂತೂ ಅವು ಮಂಕಾಗಿ, ತುಕ್ಕು ಹಿಡಿದು, ಊರೂರು ಸುತ್ತಿ ಸವೆದ ಹಾಗೆ ಕಂಡವು. ಖುಷಿಯಿಂದ ಮತ್ತೆ ಜೋಡಿಸಿಟ್ಟೆ.

ಕಾರ್ಯಕ್ರಮವಿದ್ದದ್ದು ಆಯುಧಪೂಜೆಯ ಸಂಜೆ. ಬೆಳಿಗ್ಗೆ ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಅಮ್ಮ ಕತ್ತಿ, ಹಾರೆ, ಔಷಧಿ ಹೊಡೆಯುವ ಪಂಪಿನ ಜೊತೆ ಗಿಟಾರಿನ ಕಿವಿಗಳನ್ನೂ ಹುಣಸೆಹುಳಿ, ಬೂದಿ ಹಾಕಿ ತಿಕ್ಕಿ, ಎಲ್ಲಕ್ಕೂ ಕುಂಕುಮವಿಟ್ಟು, ಗಿಟಾರಿಗೂ ಚೆಂಡುಹೂವಿನ ಮಾಲೆ ಹಾಕಿ ಸಾಲಿಗಿಟ್ಟಿದ್ದಳು. ನನ್ನ ನೆನಪಿನಲ್ಲಂತೂ ಅವು ಮೊದಲಿಗಿಂತ ಹೆಚ್ಚು ಹೊಳೆಯುತ್ತಿದ್ದವು.

"ಎಂತ ಮಾಣಿ, ಇಷ್ಟು ತುಕ್ಕು ಹಿಡಿಸ್ಕಂಡಿದ್ಯಲ?" ಎಂದಳು. "ತಗೊಂಡು ಹೋಗು. ಮಾಲೆ ಮಾತ್ರ ಇವತ್ತು ತೆಗಿಬೇಡ."

ಸಂಜೆ ವೇದಿಕೆಯ ಹಿಂದೆ ಡ್ರಮ್ಸ್ ಬಾರಿಸುವವರೊಬ್ಬರು ಮಾಲೆ ಹಾಕಿದ್ದ ಗಿಟಾರನ್ನು ಮೇಲಿಂದ ಕೆಳಗೆ ನೋಡಿದರು.

"ಈಗ ಶೋರೂಮಿಂದ ಇಳಿಸಿದ್ಯಾ ಮಾರಾಯ? ನಿಂಬೆಹಣ್ಣಿನ ಮೇಲೆ ಹತ್ತಿಸಿ ಆಯ್ತಾ?"