ಹೈಪೋ ಬಾಟಲಿಗೆ ನಾನು ಸುರಿದ ನೀರು

ಆ ದಿನ ಹೈಪೋ ದ್ರಾವಣದ ಬಾಟಲಿಗೆ ನಲ್ಲಿಯ ನೀರು ಸುರಿದವಳು ನಾನು. ಸುರಿದು ಸುಮ್ಮನಿದ್ದೆ. ಕೇಳಿದ ಗೆಳತಿಗೆ ಸುಳ್ಳು ಹೇಳಿದೆ. ಆಕೆ ಸುರೇಖಾ, ಇಡೀ ತರಗತಿಯಲ್ಲಿ ನಿಜ ಬರೆದವಳು ಆಕೆಯೊಬ್ಬಳೇ.

ಈಗ ನಾನು ಪತ್ರಿಕೆಗಳಿಗೆ ಬರೆಯುತ್ತೇನೆ. ಕಾಲುವೆ ಏಕೆ ಒಡೆಯಿತು, ಶಾಲೆಯ ಗೋಡೆ ಏಕೆ ಬಿರಿಯಿತು, ಹೊಣೆ ಯಾರದು ಎಂದು ದನಿಯೇರಿಸಿ ಕೇಳುತ್ತೇನೆ. ಹಾಗೆ ಕೇಳುವಾಗಲೆಲ್ಲ ನನ್ನದೇ ದನಿ ನಾನು ಓದಿದ ಚಿಕ್ಕೋಡಿಯ ಕಾಲೇಜಿನ ಆ ಪ್ರಯೋಗಾಲಯಕ್ಕೆ ಹೋಗಿ ಬಡಿದು, ಮರಳಿ ನನ್ನ ಕಡೆಗೇ ಬರುತ್ತದೆ — ಮತ್ತೆ ನಾನು ಕಿವಿ ಮುಚ್ಚಿಕೊಳ್ಳುತ್ತೇನೆ.

ಪ್ರಯೋಗ ಸರಳವಾದದ್ದು. ಬಿಳಿ ಕಾಗದದ ಮೇಲೆ ಶಾಯಿಯಿಂದ ಒಂದು ಅಡ್ಡಗುರುತು. ಅದರ ಮೇಲೆ ಗಾಜಿನ ಫ್ಲಾಸ್ಕು. ಅದರಲ್ಲಿ ತಿಳಿಯಾದ ಹೈಪೋ ದ್ರಾವಣ, ಅಂದರೆ ಸೋಡಿಯಂ ಥಯೋಸಲ್ಫೇಟ್ ಕರಗಿಸಿದ ನೀರು. ಆಮ್ಲ ಬೆರೆಸಿದ ಮೇಲೆ ತುಸು ಹೊತ್ತು ಏನೂ ಆಗುವುದಿಲ್ಲ. ಆಮೇಲೆ ಎಲ್ಲಿಂದಲೋ ಗಂಧಕದ ಮಸುಕು ಹುಟ್ಟುತ್ತದೆ, ಕನಸಿನಲ್ಲಿ ಕಂಡ ಮುಖದಂತೆ ಗುರುತು ಅಳಿಸುತ್ತಾ ಅಳಿಸುತ್ತಾ ಹೋಗಿ ಒಂದು ಗಳಿಗೆ ಇಲ್ಲವಾಗುತ್ತದೆ. ಆ ಗಳಿಗೆಯನ್ನು ಗಡಿಯಾರದಲ್ಲಿ ಹಿಡಿಯಬೇಕು. ದ್ರಾವಣ ಸಾಂದ್ರವಾಗಿದ್ದರೆ ಕಣಗಳು ಬಾರಿ ಬಾರಿಗೂ ಒಂದಕ್ಕೊಂದು ತಾಗುತ್ತವೆ, ಮಸುಕು ಬೇಗ ಕವಿಯುತ್ತದೆ. ನೀರು ಹೆಚ್ಚಾದರೆ ಅವು ಒಂದನ್ನೊಂದು ಹುಡುಕುತ್ತಾ ಅಲೆಯುತ್ತವೆ. ಸಂತೆಯ ದಿನ ಚಿಕ್ಕೋಡಿಯ ಬಸ್ ನಿಲ್ದಾಣದಲ್ಲಿ ಹೆಗಲಿಗೆ ಹೆಗಲು ತಾಗದೆ ನಡೆಯಲಾಗದು. ಸಂತೆ ಚದುರಿದ ಮೇಲೆ ಅದೇ ಅಂಗಳದಲ್ಲಿ ಇಬ್ಬರು ಪರಿಚಿತರು ಭೇಟಿಯಾಗದೆಯೇ ದಾಟಿ ಹೋಗಬಹುದು. ಹಾಗೆ.

ಆದರೆ ಆ ಗಡಿಯಾರವನ್ನು ನಮ್ಮಲ್ಲಿ ಯಾರೂ ನೋಡುತ್ತಿರಲಿಲ್ಲ. ನಮ್ಮಲ್ಲಿದ್ದದ್ದು ‘ಸೀನಿಯರ್ ರೀಡಿಂಗ್’. ಹಿಂದಿನ ವರ್ಷದವರು ಮುಂದಿನವರಿಗೆ ದಾಟಿಸುವ ಸಿದ್ಧ ಅಂಕಿಗಳು. ದ್ರಾವಣ ಬೆರೆಸಿ, ತುಸು ಹರಟೆ ಹೊಡೆದು, ಅವನ್ನೇ ಬರೆದರೆ ಮುಗಿಯಿತು. ನಮ್ಮ ಪ್ರಾಧ್ಯಾಪಕರಿಗೆ ಇದು ಗೊತ್ತಿತ್ತು. ಎಲ್ಲರದೂ ಒಂದೇ ಉತ್ತರ ಬಂದರೆ ತಿದ್ದುವುದು ಸುಲಭ.

ಪ್ರಾಯೋಗಿಕ ಪರೀಕ್ಷೆಯ ಬೆಳಿಗ್ಗೆ ಮೇಜುಗಳನ್ನು ಅಣಿಮಾಡುವ ಕೆಲಸವನ್ನು ಅವರು ನನಗೊಪ್ಪಿಸಿದ್ದರು — ಏಕಸಂಬಿಯ ಬಟ್ಟೆ ಅಂಗಡಿಯವರ ಮಗಳು, ಮುಂದಿನ ಬೆಂಚಿನವಳು, ನಂಬಿಕೆಯವಳು. ಬಾಟಲಿ ಕೈಜಾರಿ ತೊಟ್ಟಿಯಲ್ಲಿ ವಾಲಿತು. ಎತ್ತುವಷ್ಟರಲ್ಲಿ ಅರ್ಧ ಹರಿದುಹೋಗಿತ್ತು. ಹೊಸದಾಗಿ ಮಾಡಲು ಕಪಾಟಿನ ಕೀಲಿ ಬೇಕು. ಕೀಲಿ ಬೇಕೆಂದರೆ ಅವರಿಗೆ ಹೇಳಬೇಕು. ನಾನು ನಲ್ಲಿ ತಿರುಗಿಸಿದೆ. ಬಾಟಲಿ ಮತ್ತೆ ತುಂಬಿತು. ಹೇಗೂ ಯಾರೂ ನೋಡುವುದಿಲ್ಲ ಎಂದುಕೊಂಡೆ.

ಸುರೇಖಾ ಗಡಿಯಾರ ನೋಡಿದಳು. ಜುಗೂಳದಿಂದ, ಎಮ್ಮೆ ಹಿಂಡಿ ಡೇರಿಗೆ ಹಾಲು ಹಾಕಿ, ಮೊದಲ ಬಸ್ಸಿಗೆ ಬರುತ್ತಿದ್ದ ಹುಡುಗಿ. ಜಡೆಯನ್ನು ಒಂದು ಕೈಯಲ್ಲಿ ಹಿಂದೆ ಹಿಡಿದು, ಉಸಿರು ಬಿಗಿಹಿಡಿದು, ಫ್ಲಾಸ್ಕಿನ ಮೇಲೆ ಬಾಗಿದ್ದಳು. ಮಸುಕು ಬರಲೊಲ್ಲದು. ಅದು ಏಕೆ ಬರಲೊಲ್ಲದು ಎಂದು ತಿಳಿದಿದ್ದ ನಾನು ಪಕ್ಕದ ಮೇಜಿನಲ್ಲೇ ಇದ್ದೆ — ಕಿಟಕಿಯ ಕಡೆ ನೋಡುತ್ತಾ.

“ತ್ರಿಶಲಾ, ನಿನ್ನೂ ರೀಡಿಂಗ್ ಎಷ್ಟ ಬಂದಾವ? ನನ್ನೂ ಎಲ್ಲಾ ಡಬಲ್ ಬರಾಕತ್ತಾವ.”

“ನನಗ ಬರೋಬರಿ ಬಂದಾವ ನೋಡವಾ,” ಎಂದೆ. ನನ್ನ ಫ್ಲಾಸ್ಕಿಗೆ ನಾನಿನ್ನೂ ಆಮ್ಲವನ್ನೇ ಹಾಕಿರಲಿಲ್ಲ.

ಆಕೆ ಕಂಡದ್ದನ್ನೇ ಬರೆದು, ನಕ್ಷೆ ಎಳೆದು ಒಯ್ದಳು. ಪ್ರಾಧ್ಯಾಪಕರು ನಕ್ಕರು.

“ಏನವಾ, ಗಡಿಯಾರ ಕೈಯಾಗ ಹಿಡಕೊಂಡ ನಿದ್ದಿ ಹೊಡದಿಯೇನ?”

“ಇಲ್ರಿ ಸರ್. ಗೆರಿ ನೆಟ್ಟಗ ಬಂದೈತಿ ನೋಡ್ರಿ. ನಾ ನೋಡೂದ ತಪ್ಪಿದ್ರ ಸೊಟ್ಟ ಬರತಿತ್ತು. ಹೈಪೋದಾಗ ನೀರ ಬಿದ್ದಿರಬೇಕ್ರಿ.”

“ಹಾಲಾಗಿನ ನೀರ ಹಿಡಿಯಾಕ ಇದೇನ ನಿಮ್ಮ ಡೇರಿ ಅಂತ ತಿಳದಿಯೇನ? ಎಲ್ಲಾರಿಗೂ ಬರೋಬರಿ ಬಂದಾವ, ನಿನಗಷ್ಟ ನೀರ ಬಿತ್ತ? ತ್ರಿಶಲಾ, ನಿಂದ ತೋರಸ ಈಕಿಗೆ.”

ಸೀನಿಯರ್ ರೀಡಿಂಗ್ ತುಂಬಿದ್ದ ಹಾಳೆಯನ್ನು ತೋರಿಸಿದೆ. ತರಗತಿ ನಗುತ್ತಿತ್ತು. ಆ ನೆಟ್ಟನೆಯ ಗೆರೆಯ ಮೇಲೆ ಅವರ ಕೆಂಪು ಪೆನ್ನು ಹರಿಯಿತು. “ಇದನ್ನ ನೋಡಿ ಬರಿ,” ಎಂದರು. ನನ್ನ ಸುಳ್ಳನ್ನು ಆಕೆ ಒಂದೊಂದೇ ಅಂಕಿಯಾಗಿ ನಕಲು ಮಾಡಿದಳು. ನಡುವೆ ಒಮ್ಮೆ ತಲೆಯೆತ್ತಿ ನನ್ನನ್ನು ನೋಡಿದಳು. ಅನುಮಾನದಿಂದಲ್ಲ — ಅನುಮಾನವಾದರೂ ಇದ್ದಿದ್ದರೆ… ತನ್ನ ಕಣ್ಣನ್ನೇ ನಂಬದವರು ನೋಡುವ ಹಾಗೆ.

ಆಕೆಗೆ ಪೂರ್ತಿ ಅಂಕ ಬಂತು. ಕಳೆದುಹೋದದ್ದು ಅಂಕವಲ್ಲ. ಆಮೇಲೆ ಆಕೆ ಫ್ಲಾಸ್ಕಿನ ಮೇಲೆ ಬಾಗಿದ್ದನ್ನು ನಾನು ಕಾಣಲಿಲ್ಲ. ಮುಂದಿನ ಪ್ರಯೋಗಕ್ಕೆ ಆಕೆಯೂ ಸೀನಿಯರ್ ರೀಡಿಂಗ್ ಕೇಳಿಕೊಂಡು ಬಂದಳು.

ಕಳೆದ ತಿಂಗಳು ಅಥಣಿಯ ಕಡೆಯ ಒಂದು ಪ್ರೌಢಶಾಲೆಗೆ ಹೋಗಿದ್ದೆ. ಮಕ್ಕಳಿಗೆ ಪ್ರಯೋಗ ಮಾಡಿಸದೆ ಅಂಕ ಕೊಡುವ ಶಾಲೆಗಳ ಬಗ್ಗೆ ಉರಿಯುವ ಲೇಖನವೊಂದನ್ನು ಬರೆಯಲು. ಬಾಗಿಲಲ್ಲೇ ನಿಂತುಬಿಟ್ಟೆ. ಒಳಗೆ ವಿಜ್ಞಾನ ಶಿಕ್ಷಕಿಯಾಗಿ ಸುರೇಖಾ. “ನಂದು ಬ್ಯಾರೆ ಬರಾಕತ್ತೈತ್ರಿ ಟೀಚರ್,” ಎಂದ ಹುಡುಗಿಗೆ, “ಬ್ಯಾರೆ ಬಂದ್ರ ಬರ್ಲಿ, ನಾ ಹೇಳಿದ್ದ ಬರಿ. ಸುಮ್ನ ಮಾರ್ಕ್ಸ ಕಳಕೋತಿ,” ಎನ್ನುತ್ತಿದ್ದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಕಾಳಜಿಯಿತ್ತು. ನನ್ನ ಲೇಖನದ ಅಪರಾಧಿ ಸಿಕ್ಕಿದ್ದಳು — ಬಾಗಿಲಿನ ಹೊರಗೆ.

ಆಕೆಯನ್ನು ಪಡಸಾಲೆಗೆ ಕರೆದು ಎಲ್ಲವನ್ನೂ ಹೇಳಿದೆ.

“ಎಷ್ಟ ನೀರ ಹಾಕಿದ್ದಿ?” ಎಂದಳು.

“ಅರ್ಧ.”

ಮನಸ್ಸಿನಲ್ಲೇ ಲೆಕ್ಕ ಹಾಕಿದಳು. “ಅರ್ಧ ಅಂದ್ರ… ಹಂಗಾರ ನನ್ನೂ ಎಲ್ಲಾ ಖರೇನ ಇದ್ದೂ.” ಮುಖದಲ್ಲಿ ಏನೋ ಬೆಳಗಿತು, ಆಮೇಲೆ ಆರಿತು. “ಈಗ್ಯಾಕ ಹೇಳಾಕ ಬಂದಿ? ನಿನ್ನ ಮನಸ್ಸ ಹಗರ ಆಗ್ಲಿ ಅಂತ?”

ಲೇಖನಕ್ಕೆಂದು ತೆರೆದಿದ್ದ ಟಿಪ್ಪಣಿ ಪುಸ್ತಕವನ್ನು ನಾನು ಮುಚ್ಚಿದೆ.

“ಸರ್ ಮುಂದ ಹೇಳಿಯೇನು?”

“ಇಲ್ಲ.”

ಆಕೆ ಒಳಗೆ ಹೋದಳು. ಮಕ್ಕಳಿಗೆ ಮುಂದೆ ಏನು ಬರೆಸಿದಳೋ — ನಿಂತು ಕೇಳುವ ಧೈರ್ಯ ನನಗಾಗಲಿಲ್ಲ.

ಆ ಪ್ರಾಧ್ಯಾಪಕರು ಇಂದಿಗೂ ಅದೇ ಪ್ರಯೋಗಾಲಯದಲ್ಲಿದ್ದಾರೆ. ಅವರ ಕೆಂಪು ಪೆನ್ನಿನ ಬಗ್ಗೆ ಕೇಳಬೇಕಾದ ಪ್ರಶ್ನೆಗಳಿವೆ, ಕೇಳದೆ ಬಿಡುವವಳಲ್ಲ. ಆದರೆ ಮೊದಲು ಹೇಳಬೇಕಾದದ್ದಿದೆ. ಈ ಸೋಮವಾರ ಹೋಗುತ್ತೇನೆ, ತರಗತಿ ನಡೆಯುವ ಹೊತ್ತಿಗೇ. ಅಲ್ಲಿರುವ ಹುಡುಗ ಹುಡುಗಿಯರ ಎದುರೇ ಹೇಳುತ್ತೇನೆ: ಜುಗೂಳದ ಸುರೇಖಾ ಬರೆದದ್ದು ಸರಿಯಾಗಿತ್ತು. ಆಕೆಗೆ ನಕಲು ಮಾಡಲು ಕೊಟ್ಟದ್ದು ಸುಳ್ಳು. ಕೊಟ್ಟವಳು ನಾನು.