ಹಮೀದಾಕರ ನಾಮಿನಿ

2015ನೇ ಇಸವಿಯ ಮಾರ್ಚ್ ತಿಂಗಳು. ನಲವತ್ತನೇ ವಯಸ್ಸಿನಲ್ಲಿ ಪರೀಕ್ಷೆಯಲ್ಲಿ ಫೇಲಾಗಿ, ಅದನ್ನು ಹತ್ತನೇ ಕ್ಲಾಸಿನ ಮಗಳಿಗೆ ಹೇಳುವ ಪರಿಸ್ಥಿತಿ ಯಾವ ತಾಯಿಗೂ ಬೇಡ. ನನಗೆ ಬಂದಿತ್ತು. ಮಗಳು ಫೋನಿನಿಂದ ಕಣ್ಣು ತೆಗೆಯದೆ, "ಇಟ್ಸ್ ಓಕೆ ಅಮ್ಮಾ, ರೀಟೆಸ್ಟ್ ಬರಿ" ಎಂದಳು. ಅವಳಿಗೆ ನಾನು ಹೇಳುತ್ತಿದ್ದ ಮಾತನ್ನೇ ನನಗೆ ತಿರುಗಿಸಿ ಕೊಟ್ಟಿದ್ದಳು.

ನಾವಿದ್ದದ್ದು ದುಬೈಯ ಅಲ್ ಕುಸೈಸ್‌ನಲ್ಲಿ. ನನ್ನ ಗಂಡ ದಿನೇಶ್ ಅಲ್ ಕೂಜ್‌ನ ಒಂದು ಗೋದಾಮು ಕಂಪನಿಯಲ್ಲಿ ಅಕೌಂಟೆಂಟ್. ಮದುವೆಗೆ ಮುಂಚೆ ನಾನು ಉಡುಪಿಯಲ್ಲಿ ಒಂದು ವಿಮಾ ಕಚೇರಿಯ ಕೌಂಟರಿನಲ್ಲಿ ಕೂರುತ್ತಿದ್ದೆ. ಇಲ್ಲಿಗೆ ಬಂದ ಮೇಲೆ ಹದಿನೈದು ವರ್ಷ ನನ್ನ ವೀಸಾದಲ್ಲಿ ‘ಹೌಸ್‌ವೈಫ್’ ಎಂದೇ ಇತ್ತು. ಮಕ್ಕಳು ದೊಡ್ಡವರಾದಂತೆ ನನಗೆ ಹಗಲು ಉದ್ದವಾಯಿತು. ಹಠ ಹಿಡಿದು ಒಂದು ಯೂನಿವರ್ಸಿಟಿಯಲ್ಲಿ ಹಣಕಾಸು, ವಿಮೆ, ಕುಟುಂಬಗಳ ಹಣಕಾಸು ಯೋಜನೆ ಕಲಿಸುವ ಎರಡು ವರ್ಷದ ಕೋರ್ಸಿಗೆ ಸೇರಿಬಿಟ್ಟೆ. ಆಗ ಇಲ್ಲಿ ವಾರದ ರಜೆ ಇರುತ್ತಿದ್ದ ಶುಕ್ರವಾರ, ಶನಿವಾರ ಮಾತ್ರ ಕ್ಲಾಸು. ದಿನೇಶ್ ಅಂದಿನಿಂದ ನನ್ನನ್ನು "ಪ್ಲಾನಿಂಗ್ ಮೇಡಂ" ಎಂದು ಕರೆಯಲು ಶುರುಮಾಡಿದರು.

ಓದಿ ಬರೆಯುವ ಪರೀಕ್ಷೆಗಳನ್ನೆಲ್ಲ ನಾನು ಚೆನ್ನಾಗಿಯೇ ಮುಗಿಸಿದೆ. ಕೈಕೊಟ್ಟದ್ದು ಕೊನೆಯ ಪ್ರಾಯೋಗಿಕ ಪರೀಕ್ಷೆ. ಅದರಲ್ಲಿ ಒಬ್ಬ ನಿಜವಾದ ಗ್ರಾಹಕರನ್ನು ನಾವೇ ಕರೆದುಕೊಂಡು ಹೋಗಬೇಕು. ಮುಕ್ಕಾಲು ಗಂಟೆ ಪ್ರೊಫೆಸರರ ಎದುರೇ ಅವರ ಸಂಸಾರ, ಆದಾಯ, ಭಯ, ಆಸೆ ಎಲ್ಲ ಕೇಳಿ ತಿಳಿದು ಸಲಹೆ ಕೊಡಬೇಕು. ಮೊದಲ ಸಲ ನನ್ನ ಇಂಗ್ಲಿಷ್ ಗಂಟಲಲ್ಲೇ ಸಿಕ್ಕಿಕೊಂಡಿತು. ಫಾರಂನಲ್ಲಿದ್ದ ಪ್ರಶ್ನೆಗಳನ್ನು ಪಡಿತರ ಅಂಗಡಿಯವನು ಹೆಸರು ಕೂಗುವ ಹಾಗೆ ಓದಿ ಮುಗಿಸಿದೆ. ಪ್ರೊಫೆಸರ್ ನಾದಿಯಾ, ಲೆಬನಾನಿನವರು, ಕನ್ನಡಕ ತೆಗೆದು ಮೇಜಿನ ಮೇಲಿಟ್ಟು "ಇನ್ನೊಂದು ಅವಕಾಶ ಇದೆ. ಅದೇ ಕೊನೆಯದು" ಎಂದರು. ಅದೂ ಹೋದರೆ ಎರಡು ವರ್ಷದ ಓದು ನೀರಿಗೆ ಹೋದಂತೆ.

ಎರಡನೇ ಸಲಕ್ಕೆ ಗ್ರಾಹಕಿಯಾಗಿ ಬರಲು ಮೇಲಿನ ಮನೆಯ ಸುಜಾತಾ ಒಪ್ಪಿದ್ದಳು. ಇಬ್ಬರೂ ಅಡುಗೆಮನೆಯಲ್ಲಿ ಕೂತು ಮೂರು ಸಲ ರಿಹರ್ಸಲ್ ಮಾಡಿದೆವು. ಯಾವ ಪ್ರಶ್ನೆಗೆ ಅವಳು ಏನು ಹೇಳಬೇಕೆಂದೂ ನಾನೇ ಬರೆದುಕೊಟ್ಟಿದ್ದೆ. ಪರೀಕ್ಷೆಯ ಶುಕ್ರವಾರ ಅವಳು ಗಂಡನ ಕಾರಿನಲ್ಲಿ ನೇರವಾಗಿ ಅಲ್ಲಿಗೆ ಬರುವುದೆಂದು ಮಾತಾಗಿತ್ತು.

ನಾನು ಹೋಗುತ್ತಿದ್ದದ್ದು ಹಮೀದಾಕರ ವ್ಯಾನಿನಲ್ಲಿ. ಹಮೀದ್ ಅವರು ದಿನೇಶರ ಕಂಪನಿಯ ಡ್ರೈವರ್. ಮಂಗಳೂರು ಕಡೆಯ ಬ್ಯಾರಿಗಳು, ಐವತ್ತರ ಹತ್ತಿರದ ವಯಸ್ಸು. ಅವರ ಕಡೆಯವರು ಹಿರಿಯರನ್ನು ಕರೆಯುವ ಹಾಗೆ ನಾವೂ ‘ಹಮೀದಾಕ’ ಎನ್ನುತ್ತಿದ್ದೆವು. ನಮ್ಮ ಬೀದಿಯ ಹಿಂದೆಯೇ ಒಂದು ರೂಮಿನಲ್ಲಿ ಐದಾರು ಮಂದಿಯ ಜೊತೆ ಇದ್ದರು. ಪ್ರತಿ ಶುಕ್ರವಾರ ಇಂಟರ್‌ನ್ಯಾಷನಲ್ ಸಿಟಿಯಲ್ಲಿ ಭಾವ ನಡೆಸುತ್ತಿದ್ದ ಕೆಫೆಟೇರಿಯಾಕ್ಕೆ ಹೋಗುವಾಗ ನನ್ನನ್ನೂ ಯೂನಿವರ್ಸಿಟಿಗೆ ಬಿಟ್ಟುಹೋಗುತ್ತಿದ್ದರು. ಒಂದು ವರ್ಷ ಅವರ ಹಿಂದಿನ ಸೀಟಿನಲ್ಲಿ ಕೂತಿದ್ದೇನೆ. ದಾರಿಯುದ್ದಕ್ಕೂ ಪುಸ್ತಕ ಓದಿದ್ದೇನೆಯೇ ಹೊರತು ಅವರಿಗೆ ಮಕ್ಕಳೆಷ್ಟು ಎಂದೂ ಕೇಳಿರಲಿಲ್ಲ.

ಆ ದಿನ ಊರಾಚೆಯ ಮರಳು ಬಯಲಿನಲ್ಲಿದ್ದ ಯೂನಿವರ್ಸಿಟಿಯ ಗೇಟಿನ ಹತ್ತಿರ ವ್ಯಾನು ನಿಂತಾಗ ಸುಜಾತಾಳ ಫೋನು ಬಂತು. "ಎಂತ ಹೇಳುದು ಮಾರಾಯ್ತಿ, ಮಗನಿಗೆ ಮೈಯೆಲ್ಲ ಎದ್ದಿದೆ. ಡಾಕ್ಟ್ರು ಚಿಕನ್ ಪಾಕ್ಸ್ ಅಂತಾರೆ. ನಾನು ಬರ್ಲಿಕ್ಕೆ ಆಗುದಿಲ್ಲ." ನನ್ನ ಸರದಿ ಹತ್ತೂವರೆಗೆ. ಆಗ ಹತ್ತು ಗಂಟೆ. ಶುಕ್ರವಾರದ ಬೆಳಿಗ್ಗೆ ಆ ಮರಳು ಬಯಲಿನಲ್ಲಿ ಯಾರನ್ನು ಹಿಡಿದು ತರಲಿ? ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ನಾಚಿಕೆಯಿಲ್ಲದೆ ಹೇಳುತ್ತಿದ್ದೇನೆ, ಮೂಗು ಸೊರಸೊರ ಎನ್ನುವಷ್ಟು ಅತ್ತೆ.

ಹಮೀದಾಕ ವ್ಯಾನು ತಿರುಗಿಸಿಕೊಂಡು ಹೊರಟವರು ನನ್ನನ್ನು ನೋಡಿ ಇಳಿದು ಬಂದರು. ವಿಷಯ ಕೇಳಿ ಸ್ವಲ್ಪ ಹೊತ್ತು ಗಡ್ಡ ತುರಿಸಿದರು.

"ಆ ಗ್ರಾಹಕ ಅಂದ್ರೆ ದೊಡ್ಡ ಜನವೇ ಆಗ್ಬೇಕಾ ಮೇಡಂ? ನಾನಾದ್ರೆ ಆಗ್ತದಾ?"

"ನಿಮಗೆ ಜುಮಾ ನಮಾಜಿಗೆ ಹೋಗ್ಲಿಕ್ಕುಂಟಲ್ಲ?"

"ಅದು ಹನ್ನೆರಡೂವರೆಗೆ. ನನ್ನ ಹತ್ರ ಎಂತ ಆಸ್ತಿ ಉಂಟು, ಮುಕ್ಕಾಲು ಗಂಟೆ ಕೇಳ್ಲಿಕ್ಕೆ? ಯಲ್ಲಾ, ಬನ್ನಿ."

ಇಂಗ್ಲಿಷ್ ಬಾರದವರನ್ನು ಪರೀಕ್ಷೆಗೆ ತಂದಿದ್ದೇನೆಂದು ನಾನು ಹೆದರುತ್ತಲೇ ಒಳಗೆ ಹೋದೆ. ನಾದಿಯಾ ಮೇಡಂ ಮಾತ್ರ, "ಗ್ರಾಹಕರ ಭಾಷೆಯಲ್ಲೇ ಕೇಳು. ಆಗಾಗ ನನಗೆ ಇಂಗ್ಲಿಷಿನಲ್ಲಿ ಹೇಳು" ಎಂದು ಗಡಿಯಾರ ನೋಡಿಕೊಂಡರು.

ಆಗ ನನಗೇ ಆಶ್ಚರ್ಯವಾಯಿತು. ಕನ್ನಡದಲ್ಲಿ ಕೇಳಲು ಹೊರಟ ಕೂಡಲೇ ಗಂಟಲು ಬಿಟ್ಟಿತು. ನಡುನಡುವೆ ತುಳುವಿಗೂ ಹೋದೆವು. ಅವರ ಊರು, ಮನೆ, ಹೆಂಡತಿ ಆಮಿನಾ, ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳಿಗೆ ನರ್ಸಿಂಗ್ ಓದುವ ಆಸೆ, ಚಿಕ್ಕವಳು ಎಂಟನೇ ಕ್ಲಾಸು. ಒಂದು ವರ್ಷದಲ್ಲಿ ತಿಳಿಯದ್ದು ಹತ್ತು ನಿಮಿಷದಲ್ಲಿ ತಿಳಿಯಿತು.

"ನೀವು ರಿಸ್ಕ್ ತಗೊಳ್ಳುವ ಸ್ವಭಾವದವರಾ?" ಫಾರಂನ ಪ್ರಶ್ನೆ.

"ದಿನಾ ಶೇಖ್ ಜಾಯೆದ್ ರೋಡಲ್ಲಿ ವ್ಯಾನ್ ಓಡಿಸ್ತೇನೆ. ಮತ್ತೆಂತ ಬೇಕು?"

ಅದನ್ನು ಇಂಗ್ಲಿಷಿಗೆ ತಂದಾಗ ನಾದಿಯಾ ಮೇಡಂ ಜೋರಾಗಿ ನಕ್ಕರು.

"ಊರಿಗೆ ಯಾವಾಗ ವಾಪಸ್ ಹೋಗುದು ಅಂತ ಯೋಚನೆ?"

"ಮುಂದಿನ ವರ್ಷ." ಹೇಳಿ ತಾವೇ ನಕ್ಕರು. "ಇಪ್ಪತ್ತು ವರ್ಷದಿಂದ ಅದೇ ಹೇಳ್ತಾ ಇದ್ದೇನೆ."

ಹೀಗೆ ಅರ್ಧ ಗಂಟೆ ಕಳೆಯಿತು. ಇನ್ನು ಎರಡು ಪುಟ ಬಾಕಿ. ಅದರಲ್ಲಿ ಸಲಹೆಯ ಭಾಗಕ್ಕೇ ಹೆಚ್ಚು ಅಂಕ. ಮುಂದಿನ ಪ್ರಶ್ನೆ ಸುಲಭದ್ದು, ಒಂದು ಸಾಲು ಬರೆದು ದಾಟಿಬಿಡಬಹುದು ಎಂದುಕೊಂಡೆ. ಕಂಪನಿ ಅವರ ಹೆಸರಿನಲ್ಲಿ ಮಾಡಿಸಿದ ಜೀವವಿಮೆ ಇತ್ತು. ಹೆಚ್ಚುಕಡಿಮೆಯಾದರೆ ಆ ಹಣ ಯಾರಿಗೆ ಸೇರಬೇಕೆಂದು ಕೆಲಸಕ್ಕೆ ಸೇರುವಾಗಲೇ ಬರೆಸಿಕೊಳ್ಳುತ್ತಾರೆ.

"ನಾಮಿನಿ ಯಾರು ಹಮೀದಾಕ? ಆಮಿನಾ ಅಲ್ವಾ?"

"ಅಲ್ಲ. ಉಮ್ಮ."

"ನಿಮ್ಮ ತಾಯಿಯಾ? ಉಮ್ಮ ಊರಲ್ಲಿದ್ದಾರಾ?"

"ತೀರಿಹೋಗಿ ಎಂಟು ವರ್ಷ ಆಯ್ತು."

ನನ್ನ ಪೆನ್ನು ನಿಂತಿತು. ಕ್ಲಾಸಿನಲ್ಲಿ ನಮಗೆ ಇದನ್ನು ಹೇಳಿಕೊಟ್ಟಿದ್ದರು. ಗಲ್ಫಿಗೆ ಬರುವಾಗ ಹುಡುಗರು ಮದುವೆಯಾಗಿರುವುದಿಲ್ಲ, ತಾಯಿಯ ಅಥವಾ ಅಣ್ಣನ ಹೆಸರು ಬರೆಯುತ್ತಾರೆ, ಆಮೇಲೆ ಬದಲಿಸಲು ಮರೆಯುತ್ತಾರೆ. ಮರೆತರೆ ಹೆಂಡತಿ ಮಕ್ಕಳು ಕಚೇರಿ ಕಚೇರಿ ಅಲೆಯಬೇಕಾಗುತ್ತದೆ. ನಾನು ಟೀಚರಮ್ಮನ ಧಾಟಿಯಲ್ಲಿ, "ಅಯ್ಯೋ, ಇಷ್ಟು ವರ್ಷ ಮರ್ತು ಕೂತಿದ್ದೀರಲ್ಲ ಹಮೀದಾಕ. ಆ ಹೆಸರಿಗೆ ಗೀಟು ಹೊಡೆದು ಆಮಿನಾ ಹೆಸರು ಹಾಕಿ" ಎಂದೆ.

ಅವರು ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡರು.

"ಮರ್ತದ್ದಲ್ಲ ಮೇಡಂ. ಎರಡು ಸಲ ಆಫೀಸಿಗೆ ಹೋಗಿದ್ದೇನೆ. ಆ ಹಳೇ ಫಾರ್ಮ್ ಕೈಯಲ್ಲಿ ಹಿಡ್ಕೊಂಡು ನೋಡಿ ವಾಪಸ್ ಬಂದಿದ್ದೇನೆ. ನಾವು ಉಮ್ಮನನ್ನು ಉಮ್ಮ ಅಂತಲೇ ಕರಿಯುದು, ಹೆಸರು ಯಾರು ಹೇಳ್ತಾರೆ? ಪಾಸ್‌ಪೋರ್ಟಿನ ಅರ್ಜಿ ಏಜೆಂಟ್ ಬರ್ದದ್ದು. ನನ್ನ ಕೈಯಲ್ಲಿ ಅವರ ಹೆಸರು ಬರ್ದದ್ದು ಜೀವಮಾನದಲ್ಲಿ ಅದೊಂದೇ ಸಲ. ಬೀಫಾತುಮ್ಮ ಅಂತ. ಅದನ್ನು ನಾನೇ ಹೊಡಿಬೇಕು ಅಂದ್ರೆ ಕೈ ಬರುದಿಲ್ಲ. ಮಯ್ಯತ್ತಿಗೂ ಹೋಗ್ಲಿಕ್ಕೆ ಆಗಿರ್ಲಿಲ್ಲ ನನಗೆ. ರಜೆ ಸಿಗ್ಲಿಲ್ಲ."

ಮಯ್ಯತ್ ಎಂದರೆ ಶವ, ಶವಸಂಸ್ಕಾರ. ನನಗೆ ಇಂಗ್ಲಿಷಿನಲ್ಲಿ ಹೇಳಲು ಬಾಯಿ ಬರಲಿಲ್ಲ. ನಾದಿಯಾ ಮೇಡಂ ಕೂಡ ಕೇಳಲಿಲ್ಲ. ಉಮ್ಮ, ಮಯ್ಯತ್ ಎರಡೂ ಅವರ ಅರಬಿ ಭಾಷೆಯಲ್ಲೂ ಇರುವ ಮಾತುಗಳು. ಅವರು ಕಿಟಕಿಯ ಕಡೆ ನೋಡುತ್ತಿದ್ದರು. ಗೋಡೆಯ ಗಡಿಯಾರದಲ್ಲಿ ಇನ್ನು ಹನ್ನೆರಡು ನಿಮಿಷ ಉಳಿದಿತ್ತು. ನನ್ನೆದುರು ಎರಡು ಪುಟ ಖಾಲಿ ಇದ್ದವು.

ಆ ಪುಟಗಳಿಗೆ ಹೋಗುವ ಮನಸ್ಸೇ ಬರಲಿಲ್ಲ. ಒಂದು ವರ್ಷ ಈ ಮನುಷ್ಯನ ಬೆನ್ನು ನೋಡಿಕೊಂಡು ಪುಸ್ತಕ ಓದಿದವಳು ನಾನು, ಎಂತಹ ದುರಹಂಕಾರದಿಂದ ‘ಮರ್ತಿದ್ದೀರಿ’ ಎಂದುಬಿಟ್ಟೆನಲ್ಲ ಎಂದು ಒಳಗೊಳಗೇ ಕುಗ್ಗಿಹೋದೆ. ಪೆನ್ನು ಕೆಳಗಿಟ್ಟೆ.

"ಹಮೀದಾಕ, ತಪ್ಪು ನಂದು. ಹೊಡಿಯುದು ಬೇಡವೇ ಬೇಡ. ಹೊಸ ಫಾರ್ಮ್ ಅಂತ ಬೇರೆಯೇ ಉಂಟು. ಅದ್ರಲ್ಲಿ ಆಮಿನಾ ಹೆಸರು ಬರ್ದು ಕೊಟ್ರೆ ಸಾಕು. ಹಳೇ ಕಾಗದ ಅವರು ಹರಿಯುದಿಲ್ಲ, ಫೈಲಲ್ಲಿ ಹಾಗೇ ಇಡ್ತಾರೆ. ನೀವು ಬರ್ದ ಹೆಸರು ಅಲ್ಲೇ ಇರ್ತದೆ."

"ಹೊಡಿಯದೆ ಆಗ್ತದಾ?"

"ಆಗ್ತದೆ. ನಾನು ಉಡುಪಿಯಲ್ಲಿ ಕೌಂಟರಲ್ಲಿದ್ದಾಗ ಎಷ್ಟೋ ಜನ ಹಾಗೇ ಮಾಡಿದ್ದಾರೆ."

ಉಳಿದ ಹೊತ್ತು ಅವರ ಉಮ್ಮನ ವಿಷಯವೇ ಮಾತಾಡಿದೆವು. ಗಂಟೆ ಹೊಡೆಯಿತು. ಹಮೀದಾಕ ನಮಾಜಿಗೆ ಹೊರಟರು. ನಾನು ಕೊಟ್ಟ ಸಲಹೆಯನ್ನು ಆಗ ಇಂಗ್ಲಿಷಿನಲ್ಲಿ ಹೇಳಿದೆ. ನಾದಿಯಾ ಮೇಡಂ ನನ್ನ ಖಾಲಿ ಪುಟಗಳನ್ನು ಮಗುಚಿ ನೋಡಿ ಹೇಳಿದರು: "ನೀನು ಕೊಟ್ಟದ್ದು ಒಂದೇ ಒಂದು ಸಲಹೆ. ಎರಡು ವಾರದಲ್ಲಿ ವರದಿ ಕೊಡಬೇಕು. ಗ್ರಾಹಕರು ಆ ಸಲಹೆಯಂತೆ ನಡೆದರೇ ಎಂಬುದನ್ನು ಅದರಲ್ಲಿ ಬರೆ. ಅದನ್ನು ನೋಡಿ ಅಂಕ ಕೊಡುತ್ತೇನೆ."

ಮನೆಗೆ ಬಂದು ಹೇಳಿದಾಗ ದಿನೇಶ್, "ಅದಕ್ಕೆಂತ ಇಷ್ಟು ಚಿಂತೆ? ನಾಳೆಯೇ ಎಚ್.ಆರ್.ನಿಂದ ಫಾರ್ಮ್ ತಂದು ಹಮೀದಾಕನ ಹತ್ರ ಸೈನ್ ಹಾಕಿಸ್ತೇನೆ. ನಿನ್ನ ಪರೀಕ್ಷೆಗೆ ಅಂದ್ರೆ ಅವರು ಇಲ್ಲ ಅಂತಾರಾ?" ಎಂದರು.

"ಅದೇ ಭಯ ನಂಗೆ" ಎಂದೆ. ನನಗೋಸ್ಕರ ಎಂದರೆ ಅವರು ತಕ್ಷಣ ಬರೆದುಕೊಡುತ್ತಿದ್ದರು. ಎಂಟು ವರ್ಷ ಬಾರದ ಕೈ ನನ್ನ ಅಂಕಕ್ಕಾಗಿ ಬರುವುದು ನನಗೆ ಬೇಡವಾಗಿತ್ತು. ಈ ವಿಷಯ ಅವರ ಕಿವಿಗೆ ಬಿದ್ದರೆ ನಾನು ನಿಮ್ಮ ಜೊತೆ ಮಾತೇ ಆಡುವುದಿಲ್ಲ ಎಂದು ಗಂಡನಿಗೆ ಖಡಾಖಂಡಿತವಾಗಿ ಹೇಳಿದೆ. ಪಾಪ, ಅವರು ಎರಡು ವಾರ ಬಾಯಿ ಬಿಗಿಹಿಡಿದುಕೊಂಡರು.

ಮುಂದಿನ ಶುಕ್ರವಾರ ನಾನು ವ್ಯಾನಿನ ಮುಂದಿನ ಸೀಟಿನಲ್ಲಿ ಕೂತೆ. ಪುಸ್ತಕ ತೆರೆಯಲಿಲ್ಲ. ಅವರ ಹೆಣ್ಣುಮಕ್ಕಳ ವಿಷಯ, ಉಮ್ಮ ಮಾಡುತ್ತಿದ್ದ ಪತ್ತಿರ್ ರೊಟ್ಟಿಯ ವಿಷಯ ಎಲ್ಲ ಮಾತಾಡಿದೆವು. ಫಾರಂನ ಸುದ್ದಿ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಸುಳ್ಳೇಕೆ ಹೇಳಲಿ, ಕೇಳಿಬಿಡೋಣ ಎಂದು ನಾಲಿಗೆಯ ತುದಿಗೆ ನಾಲ್ಕು ಸಲ ಬಂದಿತ್ತು.

ಎರಡನೇ ಶುಕ್ರವಾರ ವರದಿ ಕೊಡುವ ದಿನ. ‘ಗ್ರಾಹಕರು ಇನ್ನೂ ನಾಮಿನಿ ಬದಲಿಸಿಲ್ಲ. ನಾನು ಒತ್ತಾಯಿಸಿಲ್ಲ’ ಎಂದು ಇದ್ದದ್ದನ್ನೇ ಬರೆದು ಬ್ಯಾಗಿನಲ್ಲಿಟ್ಟುಕೊಂಡಿದ್ದೆ. ಫೇಲಾದರೆ ಆಯಿತು, ಮಗಳಿಗೆ ಇನ್ನೊಮ್ಮೆ ಹೇಳಿದರಾಯಿತು ಎಂದು ಗಟ್ಟಿ ಮನಸ್ಸು ಮಾಡಿಕೊಂಡೇ ವ್ಯಾನು ಹತ್ತಿದೆ.

ಹಮೀದಾಕ ಸ್ಟಾರ್ಟ್ ಮಾಡಲಿಲ್ಲ. ಡ್ಯಾಶ್‌ಬೋರ್ಡಿನಿಂದ ಒಂದು ಪ್ಲಾಸ್ಟಿಕ್ ಫೈಲು ತೆಗೆದು ನನ್ನ ಮಡಿಲಿಗಿಟ್ಟರು. ಒಳಗೆ ಎರಡು ಕಾಗದ. ಒಂದರಲ್ಲಿ ಆಮಿನಾಳ ಹೆಸರು, ಕಂಪನಿಯ ಸೀಲು. ಇನ್ನೊಂದು ಹಳೆಯ ಫಾರಂನ ಜೆರಾಕ್ಸ್. ಯೌವನದ ಗುಂಡು ಗುಂಡು ಅಕ್ಷರದಲ್ಲಿ ಬೀಫಾತುಮ್ಮ ಎಂದಿತ್ತು. ಅದರ ಮೇಲೆ ಒಂದು ಗೀಟೂ ಇರಲಿಲ್ಲ.

"ಹೊಡಿಲಿಲ್ಲ, ನೋಡಿ" ಎಂದರು. "ಆಮಿನಾ ಹತ್ರ ಫೋನಲ್ಲಿ ಹೇಳಿದೆ. ಅವಳು ಅತ್ತಳು. ಎಂಟು ವರ್ಷ ನಾನೂ ಕೇಳ್ಲಿಕ್ಕೆ ಹೆದರಿದ್ದೆ ಅಂದಳು. ಉಮ್ಮನ ಕಾಗದದ ಕಾಪಿ ತನ್ನಿ, ಮನೇಲಿ ಇಡುವ ಅಂದಳು."

ನಾನು ಕಣ್ಣು ಒರೆಸಿಕೊಂಡೆ.

"ಎಂತ ಮೇಡಂ, ಕಣ್ಣಿಗೆ ಮರಳು ಬಿತ್ತಾ?" ಎಂದು ಕೇಳಿ ವ್ಯಾನು ಸ್ಟಾರ್ಟ್ ಮಾಡಿದರು. ವರದಿಯ ವಿಷಯ ಅವರಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ನಾನು ಕ್ಯಾಂಪಸ್ಸಿನಲ್ಲಿ ಕೂತು ಕೊನೆಯ ಪುಟವನ್ನು ಹೊಸದಾಗಿ ಬರೆದುಕೊಟ್ಟೆ.

ಪಾಸಾದೆ. ದೊಡ್ಡ ಅಂಕವೇನೂ ಅಲ್ಲ, ದಡ ಮುಟ್ಟುವಷ್ಟು. ಹಮೀದಾಕರ ‘ಮುಂದಿನ ವರ್ಷ’ 2018ರಲ್ಲಿ ಬಂತು. ಊರಿಗೆ ಹೋದರು. ದೊಡ್ಡ ಮಗಳು ನರ್ಸ್ ಆಗಿದ್ದಾಳೆ. ಆ ಜೆರಾಕ್ಸ್‌ಗೆ ಆಮಿನಾ ಚೌಕಟ್ಟು ಹಾಕಿಸಿದ್ದಾರಂತೆ.

ನಾನು ಈಗ ಒಂದು ಸಣ್ಣ ಸಂಸ್ಥೆಯಲ್ಲಿ ಇದೇ ಕೆಲಸ ಮಾಡುತ್ತೇನೆ. ದಿನಕ್ಕೆ ನಾಲ್ಕೈದು ಮಂದಿ ಎದುರು ಬಂದು ಕೂರುತ್ತಾರೆ, ಎಲ್ಲರಿಗೂ ಅವಸರ. ಫಾರಂ ತುಂಬಿಸುತ್ತಾ ಹೋಗುತ್ತೇನೆ. ನಾಮಿನಿಯ ಸಾಲು ಬಂದಾಗ "ಈಗ ಯಾರ ಹೆಸರುಂಟು?" ಎಂದು ಕೇಳಿ ಪೆನ್ನು ಕೆಳಗಿಡುತ್ತೇನೆ. ಅವರು ಮಾತಾಡಿ ಮುಗಿಸುವವರೆಗೆ ಅದನ್ನು ಕೈಗೆ ತೆಗೆದುಕೊಳ್ಳುವುದಿಲ್ಲ.